ಖಾಲಿಯೆಂದು ಕಳೆದ ಮೂಲೆ

"ನಿಮ್ಮ ಗ್ಯಾಲಕ್ಸಿ ಒಂಟಿಯಲ್ಲ ಮೇಡಂ. ಅದರ ಸುತ್ತ ಇದ್ದದ್ದನ್ನ ನೀವೇ ಅಳಿಸಿಬಿಟ್ಟಿದ್ದೀರಿ!"

ಸಭೆ ಗೊಳ್ಳೆಂದು ನಕ್ಕಿತು. ಪರದೆಯ ಮುಂದೆ ನಿಂತಿದ್ದ ಅವಳ ಕಿವಿ ಕೆಂಪೇರಿತು. ಯಾರಿವನು? ಎಕ್ಸ್-ರೇ ದೂರದರ್ಶಕದ ಕ್ಯಾಮೆರಾ ನೋಡಿಕೊಳ್ಳಲು ಹೊಸದಾಗಿ ಬಂದ ಇಂಜಿನಿಯರ್. ಬಂದ ವಾರಕ್ಕೇ ಇಷ್ಟು ಸೊಕ್ಕೇ?

ಪರದೆಯ ಮೇಲಿದ್ದದ್ದು ಎರಡೂ ಬದಿಗೆ ರೇಡಿಯೋ ಅಲೆ ಉಗುಳುವ ದೈತ್ಯ ಗ್ಯಾಲಕ್ಸಿ. ಅದರ ಸುತ್ತ ಬಿಸಿ ಅನಿಲ ಇದೆಯೇ ಎಂದು ಎಕ್ಸ್-ರೇ ಚಿತ್ರದಲ್ಲಿ ಹುಡುಕುವುದು ಅವಳ ಕೆಲಸ. ಏನೂ ಸಿಕ್ಕಿರಲಿಲ್ಲ; ಇದು ಒಂಟಿ ಗ್ಯಾಲಕ್ಸಿ ಎಂದು ಸಭೆಗೆ ಹೇಳಿದ್ದಳು.

ಅವಳದು ಗೋಡೆಗೆ ಮುಖ ಮಾಡಿದ ಮೇಜು, ಬಾಡಿಗೆ ಕೋಣೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ... ಪಾಪ, ಇದೂ ನನ್ನ ಹಾಗೇ! ಎಂದು ಅವಳು ಆ ಗ್ಯಾಲಕ್ಸಿಯನ್ನು ಒಳಗೊಳಗೇ ಹಚ್ಚಿಕೊಂಡಿದ್ದಳು.

ಮತ್ತೆ ಲೆಕ್ಕ ಹಾಕಿದಳು. ಖಾಲಿ ಆಕಾಶದ ಮಂಕು ಬೆಳಕನ್ನು ಅಳೆದು ಚಿತ್ರದಿಂದ ಕಳೆಯುವುದು ರೂಢಿ. ಅವಳು ಖಾಲಿಯೆಂದು ಆರಿಸಿದ ಮೂಲೆಗೂ ಆ ಅನಿಲವೇ ಹಬ್ಬಿತ್ತು! ಅನಿಲದಿಂದ ಅನಿಲವನ್ನೇ ಕಳೆದಿದ್ದಳು.

ಫೋನಿನಲ್ಲಿ ಅಕ್ಕ ನಕ್ಕಳು. "ಸರಿಯಾಗೇ ಹೇಳಿದಾನಲ್ಲೇ. ನಿನಗ್ಯಾಕೆ ಉರಿ?"

"ಎಲ್ಲರ ಮುಂದೆ ಹೇಳಿದ್ನಲ್ಲ!"

"ಬೆನ್ನ ಹಿಂದೆ ಹೇಳಿದ್ರೆ ಚೆನ್ನಾಗಿರ್ತಿತ್ತಾ?"

ಆ ಇಂಜಿನಿಯರ್ ದಿನವೂ ಕಾಫಿ ತಂದು ಅವಳ ಮೇಜಿನ ಅಂಚಿಗಿಟ್ಟು ನಿಲ್ಲುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ. ಆಮೇಲೆ ಅವನಿಗೆ ಕಾಣುವಂತೆಯೇ ತಣ್ಣಗಾದದ್ದನ್ನು ಚೆಲ್ಲುತ್ತಿದ್ದಳು.

ಲೆಕ್ಕ ತಿದ್ದಿ ಪ್ರಬಂಧ ಬರೆದಳು. ಆದರೆ ವಿಭಾಗದ ಮುಖ್ಯಸ್ಥರು ತಮ್ಮ ಹೆಸರನ್ನು ಮೊದಲಿಟ್ಟು, ಅವಳದನ್ನು ಬಾಲಕ್ಕೆ ಕಟ್ಟಿದರು. ತಪ್ಪು ಮಾಡಿದವಳಂತೆ! ಎಲ್ಲಾ ಆ ಕ್ಯಾಮೆರಾದವನಿಂದಲೇ... ಎಂದು ಕುದಿಯುತ್ತಾ ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

"ತಪ್ಪಿದವಳೂ ನಾನೇ, ತಿದ್ದಿದವಳೂ ನಾನೇ ಸಾರ್. ಬೆವರು ನನ್ನದು, ಹೆಸರು ನಿಮ್ಮದಾ?"

"ಇಬ್ಬರದೂ ಒಂದೇ ರಾಗ!" ಅವರು ಸಿಡುಕಿದರು. "'ಅವರ ಹೆಸರು ಮೊದಲು ಬರದಿದ್ರೆ ನನ್ನದನ್ನೂ ತೆಗೀರಿ' ಅಂದ ಆ ಕ್ಯಾಮೆರಾದವನು. ತೆಗೆದೆ. ಕೆಲಸದಿಂದಲೂ ತೆಗೆದೆ."

ಅವಳು ಪ್ರಬಂಧದ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟಳು.

"ಹಾಗಿದ್ರೆ ನಾನೂ ಒಪ್ಪಿಗೆ ಕೊಡಲ್ಲ. ನನ್ನ ಲೆಕ್ಕ ಇಲ್ಲದೆ ಪ್ರಕಟಣೆಗೆ ಹೇಗೆ ಕಳಿಸ್ತೀರೋ ನೋಡ್ತೀನಿ."

"ನಿನ್ನ ಗುತ್ತಿಗೆಯೂ ಮುಗೀತು ಅಂದ್ಕೋ!"

"ಅಂದ್ಕೊಂಡೇ ಬಂದಿದ್ದೀನಿ."

ಪ್ರಯೋಗಾಲಯದಲ್ಲಿ ಅವನು ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬುತ್ತಿದ್ದ. ಬೀಳ್ಕೊಡಲು ಒಂದು ನರಪಿಳ್ಳೆಯೂ ಇರಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?" ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಹೇಳೋಣ ಅಂತಲೇ ದಿನಾ ಕಾಫಿ ತಂದೆ. ನೀವು ತಲೆ ಎತ್ತಿದ್ರೆ ತಾನೇ!" ಅವನು ನಗಲು ನೋಡಿದ, ಆಗಲಿಲ್ಲ. "ಅವತ್ತು ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು. ಕೆಲಸ ಹೋದದ್ದಕ್ಕೆ ಬೇಜಾರಿಲ್ಲ... ನಾಳೆಯಿಂದ ನಿಮ್ಮನ್ನ ನೋಡೋಕೆ ನೆಪ ಇರಲ್ವಲ್ಲ, ಅದಕ್ಕೆ."

ಚೆಲ್ಲಿದ ಕಾಫಿಗಳೆಲ್ಲ ಅವಳಿಗೆ ನೆನಪಾದವು.

"ನನ್ನ ಸುತ್ತ ಏನೂ ಇಲ್ಲ ಅಂದ್ಕೊಂಡಿದ್ದೆ..."

"ಮಂಕಾಗಿತ್ತು, ಅಷ್ಟೆ. ತುಂಬಾ ಹೊತ್ತು ನೋಡಬೇಕಾಗುತ್ತೆ."

ಅವಳು ಕಣ್ಣೊರೆಸಿಕೊಂಡು ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು.

"ನೋಡ್ತೀನಿ. ಈಗ ನನಗೂ ಕೆಲಸ ಇಲ್ಲ, ಬಿಡುವೇ ಬಿಡುವು! ಪ್ರಬಂಧ ಇಬ್ಬರೂ ಸೇರಿ ಬರೆಯೋಣ... ಬನ್ನಿ, ಇವತ್ತಿನ ಕಾಫಿ ನನ್ನದು."

"ಚೆಲ್ಲೋದಕ್ಕಾ?"

"ಅಲ್ಲ ಕಣೋ... ಬಿಸಿ ಇರುವಾಗಲೇ ಕುಡಿಯೋದಕ್ಕೆ."