ದಾರಿ ಬಿಟ್ಟ ದೋಣಿ

"ಸ್ಟಾರ್‌ಬೋರ್ಡ್. ನಲವತ್ತೆರಡು, ದಾರಿ ಬಿಡಿ" ಎಂದು ಪಕ್ಕದಲ್ಲಿದ್ದ ಹುಡುಗಿ ಕೂಗಿದಾಗ ಕೀರ್ತಿರಾಜ್ ಬಹಳ ಮರ್ಯಾದಸ್ಥನಂತೆ ಸರಿದು ನಿಂತ. ಸರಿದದ್ದು ಸೀದಾ ಕೆಸರಿಗೆ.

ಅವಳು ಹೇಳಿದ್ದು ಅವನಿಗಲ್ಲ, ಅವನ ದೋಣಿಗೆ. ಹಾಯಿಯ ಮೇಲೆ ನಲವತ್ತೆರಡು ಎಂದು ಬರೆಸಿಕೊಂಡಿದ್ದ ಆ ಎರಡು ಮೊಳದ ಆಟದ ದೋಣಿ, ಯಾವ ಮರ್ಯಾದೆಯೂ ಇಲ್ಲದೆ ಹಿನ್ನೀರಿನ ನಡುವೆ ನೆಟ್ಟಗೆ ಹೋಗಿ ಅವಳ ಇಪ್ಪತ್ತೇಳನೇ ನಂಬರ್ ದೋಣಿಯ ಹೊಟ್ಟೆಗೆ ಗುದ್ದಿತು.

"ರೀ, ನೀವ್ಯಾಕ್ರೀ ಜರುಗಿದ್ರಿ? ದೋಣಿ ಜರುಗಿಸಿ ಅಂದಿದ್ದು."

"ಅಭ್ಯಾಸ ಮೇಡಂ" ಎಂದ ಅವನು, ಕೆಸರಿನಿಂದ ಚಪ್ಪಲಿ ಕೀಳುತ್ತ.

ದಡದ ಮೇಲಿದ್ದವರೆಲ್ಲ ನಕ್ಕರು. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅವನೂ ನಕ್ಕ. ಅಭ್ಯಾಸ ಅನ್ನುವ ಮಾತನ್ನು ಆಗ ಅವನು ತಮಾಷೆಗೇ ಹೇಳಿದ್ದ.

ಇದು ಎರಡು ವರ್ಷದ ಹಿಂದಿನ ಮಾತು. ಕಟ್ಟಾಯ ದಾಟಿದರೆ ಸಿಗುವ ಹೇಮಾವತಿ ಹಿನ್ನೀರಿನ ದಡದಲ್ಲಿ ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಜನ ರಿಮೋಟ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ದೋಣಿಗೆ ಎಂಜಿನ್ ಇಲ್ಲ. ರಿಮೋಟಿನ ಒಂದು ಕಡ್ಡಿ ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿ ಎಳೆಯುತ್ತದೆ. ಮಿಕ್ಕಿದ್ದೆಲ್ಲ ಗಾಳಿಯ ಕೃಪೆ. ಬಲಗಡೆಯಿಂದ ಗಾಳಿ ತಗೊಂಡು ಬರುವ ದೋಣಿಗೆ ದಾರಿ. ಎಡಗಡೆಯಿಂದ ತಗೊಂಡ ದೋಣಿ ಅದಕ್ಕೆ ಬಿಡಬೇಕು. ದಾರಿ ಇರುವವನು ಎದುರಿನವನ ನಂಬರ್ ಹಿಡಿದು 'ಸ್ಟಾರ್‌ಬೋರ್ಡ್' ಎಂದು ಕೂಗಬಹುದು. ತಪ್ಪು ಮಾಡಿದವರು ತಾವೇ ಒಪ್ಪಿಕೊಂಡು ದೋಣಿಯನ್ನು ನಿಂತಲ್ಲೇ ಒಂದು ಸುತ್ತು ತಿರುಗಿಸಿ ಮುಂದೆ ಹೋಗಬೇಕು. ತಪ್ಪು ಮಾಡಿದವನೇ ಒಪ್ಪಿಕೊಳ್ಳುವ ಕಾನೂನು ನೀರಿನ ಮೇಲೆ ಮಾತ್ರ ನಡೆಯುತ್ತದೆ. ದಡಕ್ಕೆ ತಂದರೆ ಮುಳುಗುತ್ತದೆ.

ಕೀರ್ತಿರಾಜ್ ದುದ್ದದವನು. ಹಾಸನದ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಕೆಲಸ. ಊರಿನ ಮುದುಕರ ನಗುವೆಲ್ಲ ಅವನ ಕೈಯಲ್ಲೇ ತಯಾರು. ಅವನದೇ ನಗು ಮಾತ್ರ ಆರ್ಡರ್ ಕೊಟ್ಟರಷ್ಟೇ ಬರುತ್ತಿತ್ತು. ಆ ಹುಡುಗಿ ಮೇಘಶ್ರೀ, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿ ಅನಿಲ್‌ಕುಮಾರ್ ಅವರ ಮಗಳು, ಕೊಣನೂರಿನಲ್ಲಿ ದನದ ಡಾಕ್ಟರ್. ಅವರು ಗೌಡರು. ಇವನ ಮನೆ ಇರುವುದು ಕಾಲೋನಿಯಲ್ಲಿ. ಇಷ್ಟು ಹೇಳಿದರೆ ನಮ್ಮ ಕಡೆ ಕಥೆ ಮುಗಿದಂತೆಯೇ. ಆದರೂ ಎರಡು ವರ್ಷ ನಡೆಯಿತು.

ನಡೆದದ್ದೂ ವಿಚಿತ್ರವಾಗಿ. ದೋಣಿ ಬಿಡುವವರು ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಕಣ್ಣು ನೀರಿನ ಮೇಲೇ ಇರಬೇಕು. ಭುಜದ ಪಕ್ಕ ಭುಜ, ಮಾತು ಮಾತ್ರ ಗಾಳಿಗೆ. ಅವಳ ಮುಖಕ್ಕಿಂತ ಅವಳ ಹೆಬ್ಬೆರಳೇ ಅವನಿಗೆ ಹೆಚ್ಚು ಗುರುತು. ಕೋಪ ಬಂದರೆ ಕಡ್ಡಿ ಒತ್ತುತ್ತಿದ್ದಳು, ಖುಷಿಯಾದರೆ ಸವರುತ್ತಿದ್ದಳು.

"ನಿನ್ನೆ ಒಂದು ಎಮ್ಮೆಗೆ ಹಲ್ಲುನೋವು. ನಿಮ್ಮ ನೆನಪಾಯ್ತು."

"ಎಮ್ಮೆ ನೋಡಿದ್ರೆ ನೆನಪಾಗೋ ಮುಖ ನಂದು. ಸಂತೋಷ ಡಾಕ್ಟ್ರೇ."

"ಎಮ್ಮೆ ಚೆನ್ನಾಗಿತ್ತು ಕಣ್ರೀ."

ಅವನು ಕತ್ತು ತಿರುಗಿಸದೆ ಕಣ್ಣಂಚಿನಲ್ಲಿ ನೋಡಿದ. ಅವಳ ಕೆನ್ನೆಯ ಮೇಲೆ ನೀರಿನ ಬಿಸಿಲು ಕುಣಿಯುತ್ತಿತ್ತು. ಅಷ್ಟರಲ್ಲಿ ನಲವತ್ತೆರಡು ಹೋಗಿ ಜೊಂಡಿಗೆ ಸಿಕ್ಕಿಕೊಂಡಿತ್ತು.

ಒಂದು ವಿಷಯ ಅವಳಿಗೆ ನಿಧಾನವಾಗಿ ಹೊಳೆಯಿತು. ಎರಡು ದೋಣಿ ಎದುರಾದಾಗೆಲ್ಲ, ದಾರಿ ಅವನದೇ ಇದ್ದರೂ ಬಿಡುವವನು ಅವನೇ. ಒಮ್ಮೆಯೂ ಅವಳ ನಂಬರ್ ಕೂಗಿದವನಲ್ಲ.

"ನನ್ನ ಮೇಲೆ ಕರುಣೆನಾ?" ಎಂದು ಒಂದು ದಿನ ಕೇಳಿಯೇ ಬಿಟ್ಟಳು.

"ಕರುಣೆ ಅಲ್ಲ ಡಾಕ್ಟ್ರೇ. ನಮ್ ತಾತ ಚೆನ್ನಯ್ಯ ಅಂತ. ಗೌಡ್ರ ಗಾಡಿ ಬಂದ್ರೆ ಚಪ್ಲಿ ಕೈಲಿ ಹಿಡ್ಕಂಡು ಗದ್ದೆಗಿಳಿದು ನಿಂತ್ಕತಿದ್ರಂತೆ. ನಮ್ಮಪ್ಪ ಸೈಕಲ್ ಇಳೀತಿದ್ರು. ನಾನು ಇಳಿಯಲ್ಲ. ಆದ್ರೆ ಕಾಲು ಅದಾಗದೇ ಇಳಿದ್ಬುಡತ್ತೆ. ಈಗ ಬೆರಳಿಗೂ ಬಂದದೆ."

ಅವಳ ಹೆಬ್ಬೆರಳು ಕಡ್ಡಿಯನ್ನು ಒತ್ತಿ ಹಿಡಿದಿತ್ತು.

ಈ ವರ್ಷ ಅದೇ ದಡದಲ್ಲಿ ರಾಜ್ಯಮಟ್ಟದ ಚಾಂಪಿಯನ್‌ಶಿಪ್ ಎಂದು ಬ್ಯಾನರ್ ಎದ್ದಿತು. ಕಪ್ ಕೊಟ್ಟವರು ಮೇಘಶ್ರೀಯ ಅಪ್ಪ. ಅದು ಎಷ್ಟು ದೊಡ್ಡದೆಂದರೆ, ನೀರಿಗೆ ಬಿಟ್ಟಿದ್ದರೆ ಅದೂ ಒಂದು ರೇಸ್ ಓಡಿ ಬರುತ್ತಿತ್ತು. ಬೆಳಗ್ಗೆ ಬಂಗಾರದಂಥ ಗಾಳಿ. ದೋಣಿಗಳು ರೆಡಿ, ಸ್ಪರ್ಧಿಗಳು ರೆಡಿ. ಮುಖ್ಯ ಅತಿಥಿ ಬಂದಿಲ್ಲ. ತಿಥಿ ನೋಡದೆ ಬರುವವನು ಅತಿಥಿ, ಗಂಟೆ ನೋಡದೆ ಬರುವವನು ಮುಖ್ಯ ಅತಿಥಿ. ಉದ್ಘಾಟನೆ ಆಗದೆ ಸ್ಪರ್ಧೆ ಇಲ್ಲವೆಂದು ಮೈಕಿನಲ್ಲಿ ಬಸವೇಶ ಮೇಷ್ಟ್ರು ಸಾರಿದರು. ಗಾಳಿಗೆ ಪ್ರೋಟೋಕಾಲ್ ಗೊತ್ತಿಲ್ಲ. ಅದು ಕಾದು ಕಾದು ಎದ್ದು ಹೋಯಿತು. ಅತಿಥಿ ಬಂದು ಗಾಳಿಯ ಕೊರತೆಯನ್ನು ಭಾಷಣದಲ್ಲಿ ತುಂಬಿಕೊಟ್ಟರು.

ಆ ಭಾಷಣದ ಹೊತ್ತಿನಲ್ಲೇ, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವಳು ಹೇಳಿದ್ದು.

"ಗುರುವಾರ ನನ್ನ ಎಂಗೇಜ್‌ಮೆಂಟು."

ಅವನು ವೇದಿಕೆಯನ್ನೇ ನೋಡುತ್ತಿದ್ದ. "ಯಾರು?"

"ಅಭಿಷೇಕ್ ಅಂತ. ಮೈಸೂರು. ಒಳ್ಳೇವ್ನು ಕಣ್ರೀ, ಬೈಯೋಣ ಅಂದ್ರೆ ಒಂದೂ ಸಿಗಲ್ಲ. ಅದೇ ನಂಗೆ ಕಷ್ಟ."

ಜನ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ಆಮೇಲೆ ಮೆಲ್ಲಗೆ "ಕಂಗ್ರಾಟ್ಸ್ ಡಾಕ್ಟ್ರೇ" ಎಂದ.

"ನೋಡಿ. ಬಿಟ್ರಲ್ಲ, ಮತ್ತೆ."

ಅವಳು ಮೊದಲ ಸಲ ಪೂರ್ತಿ ತಿರುಗಿ ಅವನ ಮುಖ ನೋಡಿದಳು. ಕಣ್ಣಿನಲ್ಲಿ ಕೋಪ ಇತ್ತು, ಕೋಪದ ಕೆಳಗೆ ನೀರಿತ್ತು. ಅವಳ ಕಣ್ಣು ಕಂದು ಬಣ್ಣ ಎಂದು ಎರಡು ವರ್ಷದ ಮೇಲೆ ಅವನಿಗೆ ಗೊತ್ತಾಯಿತು.

"ಕೀರ್ತಿ, ಇವತ್ತು ಒಂದೇ ಒಂದು ಸಲ ಬಿಡಬೇಡಿ. ದಾರಿ ನಿಮ್ದಿದ್ದಾಗ ನನ್ನ ನಂಬರ್ ಕೂಗಿ. ಅಪ್ಪನ ಎದುರಿಗೇ ಕೂಗಿ. ನೀವು ಅಷ್ಟು ಮಾಡಿದ್ರೆ ಸಂಜೆ ಮನೇಲಿ ನಾನೂ ಬಾಯಿಬಿಡ್ತೀನಿ, ಏನಾದ್ರೂ ಆಗ್ಲಿ. ನಾನೊಬ್ಳೇ ನಿಂತ್ಕೋತೀನಿ, ಪಕ್ಕದಲ್ಲಿ ನೋಡಿದ್ರೆ ನೀವು ಗದ್ದೆಗಿಳಿದಿರ್ತೀರ ಅಂದ್ರೆ, ಅಷ್ಟು ಧೈರ್ಯ ನಂಗಿಲ್ಲ."

"ಕೂಗ್ತೀನಿ" ಎಂದ ಅವನು. ನಿಜಕ್ಕೂ ಕೂಗುವವನಿದ್ದ.

ಮಧ್ಯಾಹ್ನ ಇಳಿದ ಮೇಲೆ ಗಾಳಿ ವಾಪಸ್ ಬಂತು. ಒಂದೊಂದೇ ಸುತ್ತು ಮುಗಿದು ಫೈನಲ್ ಬಂದಾಗ ಮುಂದಿದ್ದವು ಎರಡೇ ದೋಣಿ, ಇಪ್ಪತ್ತೇಳು ಮತ್ತು ನಲವತ್ತೆರಡು. ಮಿಕ್ಕವು ಬಹಳ ಹಿಂದೆ. ಸುತ್ತಿ ಬರಲೆಂದು ನೀರಿನಲ್ಲಿ ತೇಲಿಬಿಟ್ಟಿದ್ದ ಕೊನೆಯ ಕಿತ್ತಳೆ ಬಣ್ಣದ ಡಬ್ಬಿಯ ಕಡೆಗೆ ಎರಡೂ ಎದುರುಬದುರು ಬರುತ್ತಿದ್ದವು. ಅವನಿಗೆ ಬಲದ ಗಾಳಿ, ಅವಳಿಗೆ ಎಡದ್ದು. ದಾರಿ ಅವನದು. ನಡುವೆ ಇನ್ನು ನಾಲ್ಕು ಮಾರು ನೀರು. ಅವಳ ಹೆಬ್ಬೆರಳು ಕಡ್ಡಿಯ ಮೇಲೆ ಅಲುಗದೆ ಕಾಯುತ್ತಿತ್ತು. ಕೀರ್ತಿರಾಜ್ ಎದೆತುಂಬ ಉಸಿರು ತಗೊಂಡ.

"ಇಪ್ಪ..."

"ಚೂರು ಜರುಗ್ತೀಯಾ ತಮ್ಮಾ? ಮಗಳ ಜೊತೆ ಒಂದು ವಿಡಿಯೋ ತಗೋತೀನಿ."

ಅನಿಲ್‌ಕುಮಾರ್ ಬಿಳಿ ಅಂಗಿ, ಕೈಯಲ್ಲಿ ಮೊಬೈಲು, ಮುಖದ ತುಂಬ ಹೆಮ್ಮೆಯ ನಗು. ಗದರಿಸಿದ್ದರೆ ಅವನು ಬಹುಶಃ ನಿಂತೇ ಇರುತ್ತಿದ್ದ. ಅವರು ಪ್ರೀತಿಯಿಂದ ಕೇಳಿದರು.

ಕಾಲು ಇಳಿಯಿತು. ಕಾಲಿನ ಜೊತೆ ಹೆಬ್ಬೆರಳೂ ಜರುಗಿತು. ನೀರಿನ ಮೇಲೆ ನಲವತ್ತೆರಡು ಮುಖ ತಿರುಗಿಸಿ ದಾರಿ ಬಿಟ್ಟಿತು.

ಇಪ್ಪತ್ತೇಳು ಡಬ್ಬಿ ಸುತ್ತಿ ಗೆಲುವಿನ ಗೆರೆಯತ್ತ ಓಡಿತು. ಅಪ್ಪ ವಿಡಿಯೋದಲ್ಲಿ ಖುಷಿಯಿಂದ ಏನೋ ಹೇಳುತ್ತಿದ್ದರು. ಮೇಘಶ್ರೀ ಅವನತ್ತ ನೋಡಲಿಲ್ಲ. ಗೆರೆ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಅವಳ ಹೆಬ್ಬೆರಳು ಕಡ್ಡಿಯನ್ನು ಕೊನೆಯವರೆಗೂ ಒತ್ತಿತು. ಗೆಲ್ಲುವ ದೋಣಿ ಅಲ್ಲೇ, ಎಲ್ಲರೆದುರಿಗೆ, ಮೆಲ್ಲಗೆ ಒಂದು ಸುತ್ತು ಹಾಕಿತು.

"ಇಪ್ಪತ್ತೇಳರ ಸಿಗ್ನಲ್ ಹೋಯ್ತು ಅಂತ ಕಾಣತ್ತೆ" ಎಂದರು ಬಸವೇಶ ಮೇಷ್ಟ್ರು ಮೈಕಿನಲ್ಲಿ.

ಸಿಗ್ನಲ್ ಹೋಗಿರಲಿಲ್ಲ. ತನ್ನದಲ್ಲದ ದಾರಿಯಲ್ಲಿ ಬಂದೆ ಎಂದು ಒಪ್ಪಿಕೊಂಡ ಸುತ್ತು ಅದು. ಅದು ಗೊತ್ತಿದ್ದದ್ದು ಅವನೊಬ್ಬನಿಗೆ. ಸುತ್ತು ಮುಗಿಯುವಷ್ಟರಲ್ಲಿ ನಲವತ್ತೆರಡು ಮುಂದೆ ಬಂದಿತ್ತು. ಗೆರೆ ಎದುರಿಗೇ ಇತ್ತು. ಅವಳು ಕೈಯಲ್ಲಿಟ್ಟು ಕೊಟ್ಟಂತೆ ಕೊಟ್ಟಿದ್ದಳು. ದಾಟಿದ್ದರೆ ಸಾಕಿತ್ತು.

ಅವನು ಹಾಯಿ ಸಡಿಲ ಬಿಟ್ಟ. ನೀವು ಮೊದಲು ಎಂಬಂತೆ.

ಅವಳೂ ಸಡಿಲ ಬಿಟ್ಟಳು. ಎರಡು ದೋಣಿಗಳೂ ಪಕ್ಕಪಕ್ಕ ನಿಂತು ಹಾಯಿ ಪಟಪಟ ಬಡಿದುಕೊಂಡವು. ಅಷ್ಟು ಹೊತ್ತಿಗೆ ಹಿಂದಿನಿಂದ ತೆವಳುತ್ತ ಬಂದ ಅರಕಲಗೂಡಿನ ಮೊಬೈಲ್ ಅಂಗಡಿ ಮನು ಗೆರೆ ದಾಟಿಬಿಟ್ಟ. ಯಾರು ಗೆದ್ದದ್ದು ಎಂದು ಗೆದ್ದವನೇ ಪಕ್ಕದವರನ್ನು ಕೇಳಿದ.

"ಯಾಕಮ್ಮ ಅಲ್ಲಿಗಂಟ ಬಂದು ನಿಂತ್ಬುಟ್ಟೆ?" ಎಂದರು ಅಪ್ಪ.

"ಗಾಳಿ ಬಿದ್ದೋಯ್ತು ಅಪ್ಪಾ" ಎಂದಳು ಮೇಘಶ್ರೀ. ಅವಳ ಮುಂಗುರುಳು, ಅಪ್ಪನ ಅಂಗಿ, ಹಿಂದಿನ ಬ್ಯಾನರು ಎಲ್ಲವೂ ಗಾಳಿಗೆ ಹಾರಾಡುತ್ತಿದ್ದವು.

ದೋಣಿಗಳನ್ನು ತೆಪ್ಪದಲ್ಲಿ ತಂದುಕೊಟ್ಟ ಮೀನಿನ ನಂಜಪ್ಪ ತಲೆ ಕೆರೆದುಕೊಂಡ. "ಗೆಲ್ಲೋ ತಾವ ಬಂದು ನೀನ್ ಓಗು, ನೀನ್ ಓಗು ಅಂತ ನಿಂತ್ಕಂಡವಲ್ಲ ಸಾ. ನಮ್ ಎಮ್ಮೆಗ್ಳೂ ಇಂಗೆ ಮಾಡಕ್ಕಿಲ್ಲ ಕಣಿ."

"ಎಮ್ಮೆ ವಿಷಯ ಡಾಕ್ಟ್ರಿಗೆ ಗೊತ್ತು" ಎಂದ ಕೀರ್ತಿರಾಜ್. ಅವಳು ನಗುತ್ತಾಳೇನೋ ಎಂದು ಕಾದ. ಅವಳು ಹಾಯಿ ಬಿಚ್ಚಿ ಸುರುಳಿ ಸುತ್ತುತ್ತಿದ್ದಳು, ಮತ್ತೆ ಬಿಚ್ಚುವುದಿಲ್ಲ ಅನ್ನುವಷ್ಟು ಬಿಗಿಯಾಗಿ.

ದಡದಿಂದ ರಸ್ತೆಗೆ ಹೋಗಲು ಇರುವುದು ಒಂದೇ ಕಾಲುದಾರಿ, ಒಬ್ಬರು ನಡೆಯುವಷ್ಟು. ಎರಡೂ ಬದಿ ಕೆಸರು. ಬ್ಯಾಟರಿ ಡಬ್ಬ ಸ್ಕೂಟರಿನಲ್ಲಿಟ್ಟು ದೋಣಿ ತರಲು ಅವನು ಇಳಿದು ಬರುತ್ತಿದ್ದ. ದೋಣಿಯನ್ನು ಮಗುವಿನಂತೆ ಎತ್ತಿಕೊಂಡು ಅವಳು ಎದುರಿಗೆ ಹತ್ತುತ್ತಿದ್ದಳು. ಮೇಲೆ ಅಪ್ಪನ ಕಾರು ಸ್ಟಾರ್ಟ್ ಆಗಿತ್ತು.

ಇಬ್ಬರೂ ನಿಂತರು.

ಈ ಸಲ ಅವನ ಕಾಲು ಇಳಿಯಲಿಲ್ಲ. ಕಾಲ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದು ನಿಂತಿದ್ದ. ಹೀಗೆ ಎದುರುಬದುರು ನಿಂತು ಅವರು ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಅವಳ ತುಟಿಯ ಮೂಲೆಯಲ್ಲಿ ಸಣ್ಣದೊಂದು ನಗು ಹುಟ್ಟಿ ಅಲ್ಲೇ ನಡುಗಿತು.

"ಇಪ್ಪತ್ತೇಳು" ಎಂದ ಅವನು. "ಸ್ಟಾರ್‌ಬೋರ್ಡ್."

ಅವಳು ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿಸಿಕೊಂಡಳು.

"ಎಷ್ಟು ಚೆನ್ನಾಗಿ ಬರತ್ತೆ ನಿಮ್ಗೆ" ಎಂದಳು. "ಆಗ ಅಪ್ಪ ಪಕ್ಕದಲ್ಲೇ ಇದ್ರು ಕೀರ್ತಿ. ಈಗ ನಾನೊಬ್ಳೇ ಇದೀನಿ."

ಮೇಲಿನಿಂದ ಹಾರ್ನ್ ಬಂತು.

ಕಾನೂನು ಕಾನೂನೇ. ಮೇಘಶ್ರೀ ದೋಣಿಯನ್ನು ಎದೆಗೆ ಒತ್ತಿಕೊಂಡು, ಪ್ಯಾಂಟು ಎತ್ತಿ ಹಿಡಿಯದೆ, ಚಪ್ಪಲಿ ಕಳಚದೆ, ಕಾಲುದಾರಿಯಿಂದ ಕೆಸರಿಗೆ ಇಳಿದು ನಿಂತಳು. ಅವನಿಗೆ ದಾರಿ ಬಿಟ್ಟಳು.

"ಹೋಗಿ."

"ಡಾಕ್ಟ್ರೇ..."

"ಹೋಗಿ ಕೀರ್ತಿ. ದಾರಿ ನಿಮ್ದು."

ಗೌಡರ ಮನೆತನದವರೊಬ್ಬರು ದಾರಿ ಬಿಟ್ಟು ಕೆಸರಿನಲ್ಲಿ ನಿಂತಿದ್ದರು. ತಾತ ಚೆನ್ನಯ್ಯ ಕಂಡಿದ್ದರೆ ನಂಬುತ್ತಿರಲಿಲ್ಲ. ಆ ದಾರಿಯಲ್ಲಿ ಕೀರ್ತಿರಾಜ್ ತಲೆ ತಗ್ಗಿಸಿಕೊಂಡೇ ನಡೆದು ಹೋದ. ದಡ ಮುಟ್ಟಿ ತಿರುಗಿ ನೋಡಿದಾಗ ಕಾರು ಹೋಗಿತ್ತು. ಕೆಸರಿನಲ್ಲಿ ಅವಳ ಎರಡು ಹೆಜ್ಜೆ ಉಳಿದಿದ್ದವು. ಅವನು ನೋಡುತ್ತಿದ್ದ ಹಾಗೆಯೇ ಅವುಗಳಲ್ಲಿ ಮೆಲ್ಲಗೆ ನೀರು ತುಂಬಿಕೊಳ್ಳುತ್ತಿತ್ತು.