ಮಾತಿಲ್ಲದ ಮೂರು ಸುತ್ತು

ಮೊದಲ ಭೇಟಿಯಲ್ಲೇ ಸೃಷ್ಟಿ ತುಷಾರನ ಮೂಗು ಒಡೆದಳು.

ಖಾನಾಪುರದ ಹೊರಗೆ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಜಾಗದಲ್ಲಿ, ಕಾರು ಜೋರಾಗಿ ಓಡಿಸಲೆಂದೇ ಹಾಕಿದ ಟ್ರ್ಯಾಕು ಅದು. ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಹನ್ನೊಂದು ತಿರುವು. ಭಾನುವಾರ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು. ಹೊಸಬರಾದರೆ ಮಾತ್ರ ಪಕ್ಕದ ಸೀಟಿನಲ್ಲಿ ಕಲಿಸುವವರೊಬ್ಬರು ಕೂತಿರಬೇಕು.

ಅಂದು ಸೃಷ್ಟಿಯ ಪಕ್ಕದಲ್ಲಿ ಕೂತವನು ತುಷಾರ.

ಹಳೇ ಚಿಮಣಿಯ ಬಳಿಯ ತಿರುವಿನಲ್ಲಿ ಅವಳು ಬ್ರೇಕ್ ಹಾಕುವುದು ತಡವಾಯಿತು. ಅವನ ಬಲಗೈ ಥಟ್ಟನೆ ಸ್ಟೇರಿಂಗಿಗೆ ಬಂತು. ಅಷ್ಟೇ... ಅವಳ ಎಡ ಮೊಣಕೈ ಅವನ ಮುಖಕ್ಕೆ ಬಡಿಯಿತು. ಕಾರು ಗಿರಗಿರನೆ ಎರಡು ಸಲ ತಿರುಗಿ, ಹಳೇ ಟೈರುಗಳ ಗೋಡೆಗೆ ಹಿಂಬದಿಯಿಂದ ಗುದ್ದಿ ನಿಂತಿತು.

ಕೆಂಪು ಧೂಳು ಮೆಲ್ಲಗೆ ಇಳಿಯಿತು. ತುಷಾರನ ಮೂಗಿನಿಂದ ಸುರಿದ ರಕ್ತ ಅಂಗಿಯ ಗುಂಡಿಗಳನ್ನು ದಾಟುತ್ತಿತ್ತು.

"ಹೊಡದ್ರಿ," ಎಂದ ಅವನು, ನಂಬಿಕೆಯಾಗದವನಂತೆ.

"ಕೈ ಯಾಕ ತಂದ್ರಿ?"

"ಗ್ವಾಡಿಗೆ ಹೊಂಟಿದ್ರಿ ನೀವು."

"ಬಾಯಿಲೆ ಹೇಳ್ರಿ. ನನ್ನ ಬಾಜೂಕ ಕುಂತು ಕೈ ಎತ್ತಬ್ಯಾಡ್ರಿ."

ಅವಳ ದನಿ ಗಟ್ಟಿಯಾಗಿತ್ತು. ಆದರೆ ಸ್ಟೇರಿಂಗ್ ಹಿಡಿದ ಬೆರಳುಗಳು ಥರಥರ ನಡುಗುತ್ತಿದ್ದವು. ತುಷಾರ ಅದನ್ನು ನೋಡಿದ. ಸಿಟ್ಟಿನಿಂದ ಹೊಡೆದ ಕೈಗೂ ಹೆದರಿಕೆಯಿಂದ ಹೊಡೆದ ಕೈಗೂ ಇರುವ ವ್ಯತ್ಯಾಸ ಗೊತ್ತಿದ್ದ ಮನುಷ್ಯ ಅವನು.

"ಆತು. ಇನ್ಮ್ಯಾಲೆ ಬಾಯಿಲೆ." ಅವನು ಕರ್ಚೀಫನ್ನು ಮೂಗಿಗೊತ್ತಿಕೊಂಡ. "ಒಂದ್ ಮಾತ್ರ ಖರೇ. ಬ್ರೇಕಿಗಿಂತ ಮೊಣಕೈ ಭಾಳ ಜಲ್ದಿ ನಿಮ್ದು."

ಅವಳು ನಗಲಿಲ್ಲ. ಬೆಳಗಾವಿಗೆ ವಾಪಸಾಗುವಾಗ, ಮಚ್ಛೆ ದಾಟಿದ ಮೇಲೆ, ಒಬ್ಬಳೇ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ...

ಸೃಷ್ಟಿಗೆ ಇಪ್ಪತ್ತೊಂಬತ್ತು ವರ್ಷ. ಖಾಸಬಾಗದಲ್ಲಿ ತವರುಮನೆ, ಮಚ್ಛೆಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸ. ನಡುವೆ ನಾಲ್ಕು ವರ್ಷ ಶಶಿಧರನೆಂಬವನ ಹೆಂಡತಿಯಾಗಿದ್ದಳು.

ಶಶಿಧರ ಮನೆಯಲ್ಲಿ ಹೊಡೆಯುತ್ತಿರಲಿಲ್ಲ, ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಾರೆಂದು. ಕಾರಿನಲ್ಲಿ ಹೊಡೆಯುತ್ತಿದ್ದ. ಗಾಜು ಏರಿಸಿ, ಹಾಡು ಹಚ್ಚಿ, ಹೆದ್ದಾರಿಗೆ ಬಂದಮೇಲೆ. ಗೇರಿನ ಮೇಲಿದ್ದ ಅವನ ಎಡಗೈ ಎದ್ದರೆ ಅವಳ ಬಲಗೆನ್ನೆಗೇ ಬೀಳಬೇಕು. ಒಂದು ಸಲ ಬಲಕಿವಿಯ ತಮಟೆ ಹರಿದು ಆ ಕಿವಿ ಕೇಳದಾಯಿತು. ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಬಿದ್ದದ್ದಲ್ಲ ಇದು, ಹೌದಲ್ಲ?" ಎಂದು ಕೇಳಿದ ದಿನವೇ ಅವಳು ತವರಿಗೆ ಬಂದದ್ದು. ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕು ಒಂದು ವರ್ಷ.

'ಕಾರಿನಾಗ ಹೆದರಿಸಿದ ಮನುಷ್ಯಾನ ಹೆದರಿಕಿ ಕಾರಿನಾಗ ಬಿಡಬೇಕು. ನಾ ಓಡಸಬೇಕು. ಬಾಜೂಕ ಯಾರೂ ಇರಬಾರದು...'

ಅವಳಿಗೆ ಬೇಕಾದದ್ದು ಅಷ್ಟೇ.

ತುಷಾರ ಖಾನಾಪುರದವನೇ. ಮನೆಮಾತು ಮರಾಠಿ, ಕಲಿಸುವುದು ಕನ್ನಡದಲ್ಲಿ, ಬೈಯುವುದು ಎರಡರಲ್ಲೂ. ಸೃಷ್ಟಿಗೆ ಮಾತ್ರ ಬೈಯಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟು ಹೇಳುತ್ತಿದ್ದ. "ಮುಂದಿನ ತಿರುವು ನೋಡ್ರಿ, ಈಗಿಂದು ಮುಗೀತು." "ಹಿಂದಿನ ಗಾಡಿಗೆ ಹಾದಿ ಕೊಡ್ರಿ, ಸಣ್ಣವರಾಗೂದಿಲ್ಲ." "ಬಾವುಟ ಕಂಡಿತೇನು? ಯಾವ ಬಣ್ಣ?"

ಮೂರು ತಿಂಗಳಲ್ಲಿ ಅವಳಿಗೆ ವೇಗ ಬಂತು. ವೇಗ ಎಲ್ಲರಿಗೂ ಬರುತ್ತದೆ. ಹಸಿದವರಿಗೆ ಉಣ್ಣುವುದನ್ನು ಯಾರೂ ಕಲಿಸಬೇಕಿಲ್ಲ. ಎಲೆಯಿಂದ ಏಳುವುದನ್ನು ಕಲಿಸಬೇಕು.

ಒಬ್ಬರೇ ಓಡಿಸಲು ಚೀಟಿ ಕೊಡುವುದಕ್ಕೆ ಅಲ್ಲೊಂದು ಪದ್ಧತಿಯಿತ್ತು. ಟ್ರ್ಯಾಕಿನ ಒಡತಿ ಕಾಂತಾಕ್ಕ ಮಾಡಿದ್ದು. ಐವತ್ತೈದರ ಹೆಂಗಸು, ಕೊರಳಲ್ಲಿ ಲಿಂಗ, ಕೈಯಲ್ಲಿ ಬಾವುಟ. ಕಲಿಸುವವರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮೂರು ಸುತ್ತು ಸುಮ್ಮನೆ ಕೂತಿರಬೇಕು. ಒಂದು ಮಾತು ಬಾಯಿಂದ ಬಿದ್ದರೂ ಪರೀಕ್ಷೆ ಮುರಿದಂತೆ. ಅದು ತಪ್ಪು ಮಾತೋ ಸರಿ ಮಾತೋ, ಕಾಂತಾಕ್ಕ ಕೇಳುವುದಿಲ್ಲ.

"ಮಾತು ಬಂತು ಅಂದ್ರ ಇಬ್ರಾಗ ಒಬ್ರಿಗೆ ನಂಬಿಕಿ ಇಲ್ಲ ಅಂತ ಆತು," ಎನ್ನುತ್ತಿದ್ದಳು.

ಸೃಷ್ಟಿಯ ಮೊದಲ ಪರೀಕ್ಷೆ. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯದರಲ್ಲಿ ಚಿಮಣಿ ತಿರುವು ಬರುತ್ತಲೂ...

"ಬ್ರೇಕ್," ಎಂದ ತುಷಾರ.

ಅವಳ ಕಾಲು ಆಗಲೇ ಬ್ರೇಕಿನ ಮೇಲಿತ್ತು.

ಮುಂದಿನ ಭಾನುವಾರವೂ ಅದೇ ತಿರುವು, ಅದೇ ಮಾತು. ಅದರ ಮುಂದಿನ ಭಾನುವಾರವೂ.

ಮೂರನೇ ಸಲ ಅವಳು ಕಾರು ನಿಲ್ಲಿಸಿ, ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲೆ ಕುಕ್ಕಿದಳು.

"ನನ್ನ ಕಾಲು ಎಲ್ಲಿತ್ತು ನೋಡಿದ್ರೇನು?"

"ನೋಡಿದೆ."

"ಮತ್ಯಾಕ ಅಂದ್ರಿ?"

ತುಷಾರ ನೆಲ ನೋಡಿದ. "ಬಂದುಬಿಡ್ತದ್ರಿ... ಬಾಯಿಗೆ."

"ನನ್ನ ಗಂಡ ಆಗಿದ್ದ ಮನುಷ್ಯಾನೂ ಹಿಂಗ. ನಿನಗೇನೂ ತಿಳ್ಯೂದಿಲ್ಲ ಅಂತಿದ್ದ. ಅವಾ ಕೈಲೆ ಹೇಳ್ತಿದ್ದ, ನೀವು ಬಾಯಿಲೆ. ಅಷ್ಟ ಫರಕು."

ತುಷಾರನ ಮುಖದಿಂದ ರಕ್ತ ಇಳಿದುಹೋಯಿತು. ಅವಳು ಕಾಂತಾಕ್ಕನ ಹತ್ತಿರ ಹೋಗಿ, "ಅಕ್ಕಾರ, ಬ್ಯಾರೆಯವರನ್ನ ಕೊಡ್ರಿ," ಎಂದಳು.

"ಮುಂದಿನ ವಾರ ನಾನ ಕುಂದರ್ತೀನಿ ತಂಗಿ," ಎಂದಳು ಕಾಂತಾಕ್ಕ.

ಆ ಮುಂದಿನ ವಾರವೇ ಶಶಿಧರ ಬಂದ.

ಬಿಳಿ ಕಾರಿನಿಂದ ಇಳಿದು ನೇರ ಅವಳಿದ್ದಲ್ಲಿಗೆ ನಡೆದ. ಸೃಷ್ಟಿ ಬಗ್ಗಿ ಟೈರಿನ ಗಾಳಿ ನೋಡುತ್ತಿದ್ದಳು. ಬಂದದ್ದು ಬಲಗಡೆಯಿಂದ. ಅವಳಿಗೆ ಕೇಳಿಸಲಿಲ್ಲ.

"ಗಂಡಸರ ಸಂಗಾಟ ಗಾಡಿ ಓಡಸೂದು ಕಲ್ಯಾಕತ್ತೀಯಂತ? ಊರೆಲ್ಲಾ ಹೇಳ್ತದ. ನಡಿ ಮನಿಗೆ."

"ನಿನಗೂ ನನಗೂ ಏನೂ ಉಳಿದಿಲ್ಲ. ಹೋಗು."

ಅವನು ಅವಳ ಜಡೆ ಹಿಡಿದು ತಲೆಯನ್ನು ಕಾರಿನ ಚಾವಣಿಯ ಅಂಚಿಗೆ ಬಡಿದ. ಒಂದು ಸಲ. ಎರಡು ಸಲ. ಹುಬ್ಬು ಸೀಳಿ ಕಣ್ಣೊಳಗೆ ರಕ್ತ ಇಳಿಯಿತು.

ಮೂರನೇ ಸಲಕ್ಕೆ ತುಷಾರ ನಡುವೆ ಬಿದ್ದಿದ್ದ. ಅವನ ಗುದ್ದಿಗೆ ಶಶಿಧರ ಡಾಂಬರಿನ ಮೇಲೆ ಉರುಳಿದ. ಏಳುವಾಗ ಅವನ ಕೈಗೆ ಚಕ್ರ ಬಿಚ್ಚುವ ಪಾನಾ ಸಿಕ್ಕಿತು. ಬೀಸಿ ಹೊಡೆದ. ತುಷಾರನ ಕೊರಳೆಲುಬು ಒಣಕಟ್ಟಿಗೆಯಂತೆ ಮುರಿದ ಸಪ್ಪಳ ಸೃಷ್ಟಿಯ ಎಡಗಿವಿಗೆ ಸ್ಪಷ್ಟವಾಗಿ ಕೇಳಿಸಿತು. ಮೊಣಕಾಲೂರಿ ಕುಸಿದವನ ತಲೆಯ ಮೇಲೆ ಪಾನಾ ಮತ್ತೆ ಎದ್ದಿತು.

ಅದು ಇಳಿಯಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಹಿಡಿದು ಸೃಷ್ಟಿ ಬೀಸಿದ ಏಟಿಗೆ ಶಶಿಧರನ ದವಡೆ ಪಕ್ಕಕ್ಕೆ ಸರಿಯಿತು. ಪಾನಾ ಬಿತ್ತು, ಅವನೂ ಬಿದ್ದ. ಅವಳು ನಿಲ್ಲಿಸಲಿಲ್ಲ. ಮೊಣಕೈಗೆ, ಪಕ್ಕೆಗೆ, ಮುಖ ಮುಚ್ಚಿಕೊಂಡ ಕೈಗಳಿಗೆ... ನಾಲ್ಕು ವರ್ಷದ ಹೆದ್ದಾರಿಯಷ್ಟೂ ಅವಳ ತೋಳಿಗೆ ಬಂದಿತ್ತು. ಕಾಂತಾಕ್ಕ ಹಿಂದಿನಿಂದ ಸೊಂಟ ತಬ್ಬಿ ಎಳೆಯುವ ತನಕ ಹೊಡೆದಳು.

"ಸಾಕು ಯವ್ವಾ. ಸತ್ರ ನೀ ಒಳಗ ಹೋಗ್ತಿ. ಸಾಕು."

ಪೊಲೀಸರು ಬಂದು ಶಶಿಧರನನ್ನು ಕರೆದೊಯ್ದರು. ಕಾಂತಾಕ್ಕ ಸೃಷ್ಟಿಯ ಹುಬ್ಬಿಗೆ ಪಟ್ಟಿ ಕಟ್ಟಿದಳು. ತುಷಾರ ಗೋಡೆಗೊರಗಿ ಆಂಬುಲೆನ್ಸಿಗೆ ಕಾಯುತ್ತಿದ್ದ.

ಆಗ ಸೃಷ್ಟಿ ಹೇಳಿದಳು: "ಅಕ್ಕಾರ, ನನ್ನ ಪರೀಕ್ಷಾ ಇವತ್ತ ಐತಿ. ಕುಂದರ್ರಿ."

ಕಾಂತಾಕ್ಕ ಅವಳ ಮುಖವನ್ನೇ ನೋಡಿದಳು. ಬೇಡ ಎನ್ನಲಿಲ್ಲ. ಎಡಗಡೆಯ ಸೀಟಿನಲ್ಲಿ ಕೂತು, ಸೀಟಿನ ಪಟ್ಟಿ ಬಿಗಿದು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡಳು.

ಓದುವವರು ಕಾಂತಾಕ್ಕನನ್ನು ಬೈಯಬೇಡಿ. ಕೂರುವ ಮೊದಲೇ, ಟ್ರ್ಯಾಕಿಗೆ ಬಿಡುವ ಗೇಟು ಕಾಯುವ ಉಳವಪ್ಪನಿಗೆ ತೆರೆಯಬೇಡವೆಂದು ಅವಳು ಸನ್ನೆ ಮಾಡಿದ್ದಳು. ಏನೇ ಆದರೂ ಆ ಗೇಟು ಅಂದು ತೆರೆಯುತ್ತಿರಲಿಲ್ಲ.

ಸೃಷ್ಟಿಗೆ ಅದು ಗೊತ್ತಿರಲಿಲ್ಲ. ಎಂಜಿನ್ ಹಚ್ಚಿದಳು. ಕೈ ನಡುಗುತ್ತಿರಲಿಲ್ಲ, ಅದೇ ವಿಚಿತ್ರ. ಮೈಯೆಲ್ಲ ಬಿಸಿ. ದೂರದಲ್ಲಿ ಚಿಮಣಿ ಕಾಣಿಸಿತು, ಅದರ ಬುಡದ ಗೋಡೆ ಕಾಣಿಸಿತು. ಆ ಗೋಡೆಯಲ್ಲಿ ಶಶಿಧರನ ಮುಖ...

'ಹೊಡೀಬೇಕು. ಇನ್ನೂ ಹೊಡೀಬೇಕು.'

ಯಾರನ್ನು? ಅವನಂತೂ ಇಲ್ಲಿಲ್ಲ. ಇಲ್ಲಿರುವುದು ಗಾಡಿ, ಗೋಡೆ, ನಾನು.

ಪಕ್ಕದಿಂದ ಒಂದು ಮಾತೂ ಬರಲಿಲ್ಲ. ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು. ಹೇಳುವವರು ಯಾರೂ ಇಲ್ಲದಿದ್ದಾಗ ಹೇಳಬೇಕಾದವಳು ಯಾರೆಂದೂ ತಿಳಿಯಿತು.

ಕೀಲಿ ತಿರುಗಿಸಿದಳು. ಎಂಜಿನ್ ನಿಂತಿತು.

"ಇವತ್ತ ಬ್ಯಾಡ್ರಿ ಅಕ್ಕಾರ. ನಾ ಸರಿ ಇಲ್ಲ."

ಕಾರಿನಿಂದಿಳಿದು, ನಾಲ್ಕು ಹೆಜ್ಜೆ ನಡೆದು, ವಾಂತಿ ಮಾಡಿಕೊಂಡಳು. ಆಮೇಲೆ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಗೋಡೆಗೊರಗಿದ್ದ ತುಷಾರ ಇದೆಲ್ಲವನ್ನೂ ನೋಡಿದ. ಅವನ ಕಣ್ಣೂ ತುಂಬಿತು, ನೋವಿನಿಂದಲ್ಲ.

ಕಾಂತಾಕ್ಕ ಅವಳ ಬೆನ್ನು ಸವರುತ್ತ ಹೇಳಿದಳು: "ಗಾಡಿ ಏರೂದು ಎಲ್ಲಾರಿಗೂ ಬರ್ತದ ತಂಗಿ. ಇಳ್ಯೂದು ಭಾಳ ಮಂದಿಗೆ ಬರೂದಿಲ್ಲ. ಆಶಿಶ್‌ಗ ಬಂದಿರಲಿಲ್ಲ."

"ಯಾರ್ರಿ ಆಶಿಶ್?"

"ತುಷಾರನ ಚಿಕ್ಕಪ್ಪನ ಮಗಾ. ಮೂರೂ ಸುತ್ತು ಹೂವಿನಂಗ ಓಡಿಸಿದ್ದ. ಅವಗ ಚೀಟಿ ಕೊಟ್ಟಾವ ತುಷಾರನ. ಎರಡನೇ ವಾರ ಮನ್ಯಾಗ ಜಗಳಾಡಿ ಕಣ್ಣ ಕೆಂಪ ಮಾಡ್ಕೊಂಡು ಬಂದ. ತುಷಾರ ನೋಡಿದ್ದ. ಓಡಸೂದು ಬರ್ತದಲ್ಲ ಅಂತ ಬಿಟ್ಟ. ಚಿಮಣಿ ತಿರುವಿನಾಗ ಗಾಡಿ ಮೂರು ಪಲ್ಟಿ ಹೊಡದು ಉರೀತು. ತುಷಾರ ತನ್ನ ಕೈಲೇನ ಎಳದು ತಗದ. ಜೀವ ಇರಲಿಲ್ಲ. ಆಮ್ಯಾಲೆ ಎರಡು ವರ್ಷಾತು, ಅವಾ ಯಾರಿಗೂ ಚೀಟಿ ಕೊಟ್ಟಿಲ್ಲ. ಆ ತಿರುವು ಬಂದ್ರ ಅವನ ಬಾಯಿ ಅವನ ಮಾತು ಕೇಳೂದಿಲ್ಲ."

ಸೃಷ್ಟಿ ತಾನಾಡಿದ ಮಾತನ್ನು ನೆನೆದಳು. 'ಅವಾ ಕೈಲೆ, ನೀವು ಬಾಯಿಲೆ...' ಆ ಮಾತು ಪಾನಾದ ಏಟಿಗಿಂತ ಕಡಿಮೆ ಇರಲಿಲ್ಲ.

ಮರುದಿನ ನೆಹರು ನಗರದ ಆಸ್ಪತ್ರೆಯಲ್ಲಿ ತುಷಾರನ ಮಂಚದ ಬಳಿ ಕೂತಳು. ಒಬ್ಬರಿಗೆ ಭುಜಕ್ಕೆ ಪಟ್ಟಿ, ಒಬ್ಬರಿಗೆ ಹುಬ್ಬಿಗೆ.

"ತಪ್ಪಾತ್ರಿ," ಎಂದಳು. "ಆ ಮಾತು ಅನ್ನಬಾರದಿತ್ತು."

"ಅರ್ಧಾ ಖರೇನ ಇತ್ತಲ್ರಿ. ನಿಮ್ಮ ತಪ್ಪಿಗೆ ಹೇಳ್ತಿರಲಿಲ್ಲ ನಾ, ನನ್ನ ಹೆದರಿಕಿಗೆ ಹೇಳ್ತಿದ್ದೆ. ಅದರ ಪೆಟ್ಟು ನಿಮಗ ಬಿತ್ತು."

"ಹಂಗಾದ್ರ ಪರೀಕ್ಷಾದಾಗ ನಪಾಸಾಗಿದ್ದು ನೀವು."

"ಮೂರು ಸಲ," ಎಂದು ಅವನು ನಗಲು ಹೋಗಿ, ನೋವಿಗೆ ಹಲ್ಲು ಕಚ್ಚಿದ.

"ನಿಮ್ಮ ಎಲುಬು ಕೂಡೂ ತನಕ ಕಾಯ್ತೀನಿ. ಪರೀಕ್ಷಾ ಕೊಟ್ರ ನಿಮ್ಮ ಬಾಜೂಕನ ಕೊಡ್ತೀನಿ."

ಎಂಟು ವಾರ ಕಾದಳು. ಪ್ರತಿ ಭಾನುವಾರ ಕಾಂತಾಕ್ಕನ ಜೊತೆ ಬಾವುಟ ಹಿಡಿದು ನಿಂತಳು. ತುಷಾರ ಒಂಟಿ ಕೈಯಲ್ಲಿ ಇಬ್ಬರಿಗೂ ಚಹಾ ತಂದು ಕೊಟ್ಟು, ಪಕ್ಕದಲ್ಲಿ ನಿಂತು, ಓಡುವ ಕಾರುಗಳನ್ನು ನೋಡುತ್ತಿದ್ದ. ಹೆಚ್ಚು ಮಾತಾಡುತ್ತಿರಲಿಲ್ಲ. ಅವಳಿಗೆ ಕೇಳುವ ಕಿವಿ ಎಡಗಡೆಯದೆಂದು ತಿಳಿದ ಮೇಲೆ ಯಾವಾಗಲೂ ಎಡಗಡೆಯೇ ನಿಲ್ಲುತ್ತಿದ್ದ. ಅವಳು ಅದನ್ನು ಗಮನಿಸಿದಳು.

ಒಂಬತ್ತನೇ ಭಾನುವಾರ ಬೆಳಿಗ್ಗೆ ಅವನು ಪಕ್ಕದಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗೆ ತೂರಿಸಿದ.

ಮೊದಲ ಸುತ್ತು. ಚಿಮಣಿ ತಿರುವು. ಅವನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು. ಮಾತು ಬರಲಿಲ್ಲ.

ಎರಡನೇ ಸುತ್ತಿನಲ್ಲಿ ಯಾರದೋ ಚಕ್ರ ಎಳೆದು ತಂದ ಮಣ್ಣು ಅದೇ ತಿರುವಿನಲ್ಲಿ ಬಿದ್ದಿತ್ತು. ಕಾರಿನ ಹಿಂಬದಿ ಜಾರಿತು. ಗೋಡೆ ಕಿಟಕಿಯ ತುಂಬ ಬಂತು. ಸೃಷ್ಟಿ ಗಾಬರಿಯಾಗಿ ಬ್ರೇಕ್ ತುಳಿಯಲಿಲ್ಲ. ಹೋಗಬೇಕಾದ ಕಡೆ ನೋಡಿದಳು, ಸ್ಟೇರಿಂಗನ್ನು ಮೆಲ್ಲಗೆ ಜಾರಿದ ಕಡೆಗೇ ತಿರುಗಿಸಿದಳು. ಕಾರು ಒಮ್ಮೆ ಅದುರಿ ನೇರವಾಯಿತು.

ಪಕ್ಕದವನ ಹಣೆಯಿಂದ ಬೆವರು ಇಳಿಯುತ್ತಿತ್ತು. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಕೈ ಮಾತ್ರ ತೊಡೆಯ ಕೆಳಗೇ ಇತ್ತು.

ಮೂರನೇ ಸುತ್ತಿಗೆ ಆ ತಿರುವಿನಲ್ಲಿ ಅವಳು ಬೇಕೆಂದೇ ನಿಧಾನ ಮಾಡಿದಳು.

ಕಾರು ನಿಂತ ಮೇಲೂ ಅವನು ಹಾಗೇ ಕೂತಿದ್ದ.

"ಮುಗೀತ್ರಿ. ಈಗ ಮಾತಾಡಬಹುದು."

"ಪಾಸು," ಎಂದ ಅವನು. "ಸೃಷ್ಟಿ... ಇನ್ನ ನಾ ನಿಮ್ಮ ಮಾಸ್ತರ ಅಲ್ಲ. ಅದಕ್ಕ ಹೇಳಾಕತ್ತೀನಿ. ಮೊದಲ ಹೇಳಿದ್ರ, ಇಲ್ಲ ಅನ್ನಾಕ ನಿಮಗ ಕಷ್ಟ ಆಗ್ತಿತ್ತು. ನಂಗ ನೀವಂದ್ರ ಜೀವಾ."

ಅವಳು ಮುಂದಿನ ಗಾಜನ್ನೇ ನೋಡುತ್ತಿದ್ದಳು.

"ಇಳೀರಿ," ಎಂದಳು.

ಅವನ ಮುಖ ಬಾಡಿತು. ಸೀಟಿನ ಪಟ್ಟಿ ಬಿಚ್ಚಿದ.

"ಐದು ಸುತ್ತು ಒಬ್ಬಾಕಿನ ಹೋಗಿ ಬರ್ತೀನಿ. ಬಂದಮ್ಯಾಲೆ ಹೇಳ್ತೀನಿ."

ಉಳವಪ್ಪ ಗೇಟು ತೆರೆದ.

ಎಡಗಡೆಯ ಸೀಟು ಖಾಲಿ. ಎತ್ತುವ ಕೈ ಇಲ್ಲ, ಹೇಳುವ ಬಾಯಿ ಇಲ್ಲ. ಎಂಜಿನ್ನಿನ ಸದ್ದು, ಅವಳ ಉಸಿರು, ಎರಡೇ. ಎಷ್ಟು ವರ್ಷ ಕಾರಿನಲ್ಲಿ ಮೈ ಕುಗ್ಗಿಸಿ ಕೂತಿದ್ದಳೋ, ಅಷ್ಟನ್ನೂ ಒಂದೊಂದು ತಿರುವಿನಲ್ಲಿ ಒಂದೊಂದಾಗಿ ಬಿಟ್ಟು ಬಂದಳು. ನಾಲ್ಕನೇ ಸುತ್ತಿಗೆ ತೋಳು ದಣಿದವು. ಐದನೆಯದಕ್ಕೆ ಹೋಗಲಿಲ್ಲ. ಒಳಗೆ ಬಂದಳು.

ತುಷಾರ ಕಿಟಕಿಯ ಬಳಿ ಬಂದು ಬಗ್ಗಿದ.

"ನಾಕ ಆತಲ್ರಿ?"

"ಕೈ ಸೋತ್ವು. ಸಾಕನಿಸ್ತು."

"ಛಲೋ ಮಾಡಿದ್ರಿ." ಅವನು ತಡೆದು ಕೇಳಿದ. "ಬಾಜೂಕ ಯಾರೂ ಇಲ್ಲದ... ಹೆಂಗನಿಸ್ತು?"

"ಭಾಳ ಹಗುರ. ಯಾರೂ ಬ್ಯಾಡ ಅನಿಸ್ತು."

"ಹಂಗೇನು," ಎಂದ ಅವನು, ಮೆಲ್ಲಗೆ.

"ಪೂರ್ತಿ ಕೇಳ್ರಿ. ಯಾರೂ ಬ್ಯಾಡ ಅನಿಸಿದ ಮ್ಯಾಲೇನ ಗೊತ್ತಾತು... ಒಬ್ರು ಬೇಕು ಅನ್ನೂದು ಹೆದರಿಕಿಗೆ ಅಲ್ಲ ಅಂತ."

ತುಷಾರ ಕಿಟಕಿಯ ಅಂಚನ್ನು ಗಟ್ಟಿಯಾಗಿ ಹಿಡಿದ. ಮಾತಾಡಿದರೆ ಅತ್ತುಬಿಡುತ್ತಿದ್ದ.

ಅವಳು ಕೈ ಚಾಚಿ ಎಡಗಡೆಯ ಬಾಗಿಲು ತೆರೆದಳು.

"ಖಾಸಬಾಗಕ್ಕ ಬರ್ತೀರೇನು? ಅವ್ವ ಊಟಕ್ಕ ಹಾದಿ ನೋಡಾಕತ್ತಾಳ. ಇಬ್ರಿಗೆ ಮಾಡು ಅಂತ ಹೇಳಿ ಬಂದೀನಿ."

"ಬೆಳಿಗ್ಗೇನ ಹೇಳಿದ್ರೇನು? ನಾ ನಪಾಸಾಗಿದ್ರ?"

"ನಪಾಸಾದವರಿಗೂ ಹಸಿವಿ ಆಗ್ತದಲ್ರಿ. ಕುಂದರ್ರಿ."