ಗಾಳಿಚೀಲದೊಳಗಿನ ಉಸುಕು

ಸೋದರಮಾವನ ಮಗಳು ಪ್ರೇಮಲಾ ತನಗೇ ಎಂದು ಸಂಗು ಚಿಕ್ಕಂದಿನಿಂದ ನಂಬಿದ್ದ. ಅವರ ಊರು ನ್ಯಾಲ್ಕಲ್ಲಿನ ಮಂದಿಯೂ ಹಾಗೇ ಅನ್ನುತ್ತಿದ್ದರು. ಮಾವ ಮಾತ್ರ ಅವಳನ್ನು ಪೈಲಟ್ ಸಂಜೀವಕುಮಾರನಿಗೆ ಗೊತ್ತುಮಾಡಿದ. ಹೆಲಿಕಾಪ್ಟರ್ ಹಾರಿಸುವವನು ಸಿಕ್ಕಮೇಲೆ ಅದರ ಗಾಜು ಒರೆಸುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಸಾಲದ್ದಕ್ಕೆ ಸಂಜೀವಕುಮಾರ ನಿಶ್ಚಯದ ಪೇಢೆಯನ್ನು ಇಬ್ಬರೂ ದುಡಿಯುವ ಕಂಪನಿಯಲ್ಲೆಲ್ಲ ಸಂಗುವಿನ ಕೈಯಿಂದಲೇ ಹಂಚಿಸಿದ. ಸಂಗುವಿನ ಹೊಟ್ಟೆ ಅಂದಿನಿಂದ ಉರಿಯುತ್ತಲೇ ಇತ್ತು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ಸಂಗುವಿಗೆ ಆ ಗಾಳಿ ಬಂದದ್ದು ಮೊಗುಡಂಪಲ್ಲಿ ಕಡೆಯ ಗುಡ್ಡದ ಮೇಲೆ. ಅಲ್ಲಿನ ಮಠದ ಹೊಸ ಕಳಸಕ್ಕೆ ಆಕಾಶದಿಂದ ಹೂ ಸುರಿಸಬೇಕಿತ್ತು. ಹೂವಿಗೆ ಮೊದಲು ಮಠದ ಸ್ವಾಮಿಗಳಿಂದ ಪೂಜೆ. ಹಾಗಾಗಿ ಹೆಲಿಕಾಪ್ಟರ್ ಜಹೀರಾಬಾದಿನಿಂದ ಹೂ ತುಂಬಿಕೊಂಡೇ ಬಂದು ಗುಡ್ಡದ ಮೇಲೆ ಇಳಿಯಬೇಕು.

ಎಂಟು ವರ್ಷ ಗಾಜು ಒರೆಸಿದವನಿಗೆ ಇಷ್ಟು ಗೊತ್ತಿತ್ತು: ಗುಡ್ಡ ದಾಟಿದ ಗಾಳಿ ಆಚೆಯ ಇಳಿಜಾರಿನಲ್ಲಿ ನೀರಿನಂತೆ ಕೆಳಗಿಳಿಯುತ್ತದೆ. ಭಾರ ಹೊತ್ತ ಸಣ್ಣ ಹೆಲಿಕಾಪ್ಟರ್ ಆ ಕಡೆಯಿಂದ ಬಂದರೆ ಗಾಳಿ ಅದನ್ನು ಬಂಡೆಗೆ ಅಪ್ಪಳಿಸುತ್ತದೆ. ಗಾಳಿ ಇಲ್ಲವೆಂದರೆ ಸಂಜೀವಕುಮಾರ ಆ ಕಡೆಯಿಂದಲೇ ಬರುವವ, ಅದೇ ಹತ್ತಿರದ ದಾರಿ. ಗಾಳಿ ಇದೆಯೋ ಇಲ್ಲವೋ ಹೇಳುವುದು ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ. ಅದನ್ನು ಕಟ್ಟುವವನು ಸಂಗು.

ಗಾಳಿಗೆ ಏಳದಂತೆ ಚೀಲದ ಅಂಚಿನೊಳಗೆ ಅವನು ಉಸುಕು ಹೊಲಿದ. ಆಮೇಲೆ ಬಿಚ್ಚಿ ಚೆಲ್ಲಿದರಾಯಿತು. ಗುಡ್ಡದ ಉಸುಕು ಗುಡ್ಡಕ್ಕೇ ಸೇರುತ್ತದೆ.

ಬೆಳಿಗ್ಗೆ ಗಾಳಿ ಜೋರಾಗಿತ್ತು. ಪಕ್ಕದ ಕಣದಲ್ಲಿ ಹಣಮಮ್ಮ ಹೆಂಗಸರನ್ನು ಕಟ್ಟಿಕೊಂಡು ಜೋಳದ ರಾಶಿ ತೂರಲು ನಿಂತಿದ್ದಳು. ಸಂಗುವಿಗೆ ಸಿಟ್ಟು ಬಂತು. ಇವರಿಗೂ ಇವತ್ತೇ ಆಗಬೇಕಿತ್ತೆ?

"ಆಯಿ, ಹೊಟ್ಟು ಇಂಜಿನದಾಗ ಹೋಗ್ತದ. ಅಕಾ, ಆ ಅಂಚಿನ ಹಾಸುಗಲ್ಲ ಮ್ಯಾಲ ಹೋಗ್ರಿ," ಎಂದು ಇಳಿಜಾರಿನ ಕಡೆ ಬೆರಳು ಮಾಡಿದ.

"ಆತು ಬಿಡಪಾ, ಅಲ್ಲೇ ತೂರ್ತೀವಿ," ಎಂದು ಅವರು ಬುಟ್ಟಿ ಹೊತ್ತು ನಡೆದರು.

ಹೆಲಿಕಾಪ್ಟರಿನ ಸದ್ದು ಕೇಳಿತು. ಕಂಬದ ಮೇಲೆ ಚೀಲ ಸತ್ತ ಕೋಳಿಯಂತೆ ಜೋತುಬಿದ್ದಿತ್ತು. ಬಂದೋಬಸ್ತಿನ ಪೊಲೀಸ್ ಪೋಚಪ್ಪನಾದಿಯಾಗಿ ಎಲ್ಲರ ಕಣ್ಣೂ ಆಕಾಶದ ಮೇಲೆ.

"ಗಾಳಿ ಹ್ಯಾಂಗದ ಸಂಗು?" ವಾಕಿಟಾಕಿಯಲ್ಲಿ ಸಂಜೀವಕುಮಾರನ ದನಿ.

"ಎಲಿ ಸುದ್ದಾ ಅಳ್ಳಾಡವಲ್ದುರಿ."

ಹೆಲಿಕಾಪ್ಟರ್ ಇಳಿಜಾರಿನ ಕಡೆ ತಿರುಗಿತು. ಅದು ಅಂಚಿನವರೆಗೂ ಬರದೆ ಥಟ್ಟನೆ ಹೊರಳಿ, ಗುಡ್ಡ ಸುತ್ತಿ, ಎದುರು ಬದಿಗೆ ಹೋಯಿತು.

"ಸಂಗು, ನಾನೂ ಒಕ್ಕಲಗ್ಯಾನ ಮಗಾನೇ," ಎಂದಿತು ವಾಕಿಟಾಕಿ, ಪಕ್ಕದಲ್ಲಿದ್ದ ಪೋಚಪ್ಪನಿಗೂ ಕೇಳುವಂತೆ. "ಹಾಸುಗಲ್ಲಿನ ಮ್ಯಾಲ ಹೊಟ್ಟು ಮಾರು ದೂರ ಹಾರಾಕತ್ತದ. ನಿನ್ನ ಚೀಲ ಯಾಕ ಜೋತುಬಿದ್ದದ? ನಾ ಇಳಿಯೋತನಕ ಯಾರೂ ಅದಕ್ಕ ಕೈ ಹಚ್ಚಬ್ಯಾಡ್ರಿ." ಪೋಚಪ್ಪ ತಲೆಯೆತ್ತಿ ಕಂಬ ನೋಡಿದ, ಆಮೇಲೆ ಸಂಗುವಿನ ಮುಖ ನೋಡಿದ. ಅಂಚಿನಲ್ಲಿ ಹಣಮಮ್ಮ ಬುಟ್ಟಿ ಎತ್ತಿ ತೂರುತ್ತಲೇ ಇದ್ದಳು, ಸಂಗು ಬೆರಳು ಮಾಡಿ ತೋರಿಸಿದ ಜಾಗದಲ್ಲೇ.